ವೃಷ್ಟಿ, ಪುಷ್ಪ ಮತ್ತು ಭೂತದಯೆ



ನಮ್ಮ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಗಳಲ್ಲಿ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲವೆಂಬುದು ತಮಗೆಲ್ಲ ವಿದಿತವಾದ ಸಂಗತಿ. ಕೆರೆಯ ನೀರು, ಅದು ಬತ್ತಿದರೆ ಸಾವಿರ ಅಡಿ ಮೀರಿದ ಕೊಳವೆಬಾವಿಯ ನೀರು, ಇವೇ ನಮಗೆ ಗತಿ. ಇಂತಹ ನಾಡಿನಲ್ಲಿ ದೇವರಪೂಜೆಗಾಗಿ ಹಿತ್ತಿಲಲ್ಲಿ ನಾಲ್ಕು ಹೂವಿನ ಗಿಡಗಳನ್ನು ಉಳಿಸಿಕೊಳ್ಳುವುದೂ ಒಂದು ವ್ರತವೇ ಸರಿ. ಅಕ್ಕಿ ತೊಳೆದ ನೀರನ್ನೂ ವ್ಯರ್ಥಮಾಡದೆ ಗಿಡದ ಬುಡಕ್ಕೆ ಎರೆದ ತಾಯಂದಿರು ನಮ್ಮ ಮನೆಗಳಲ್ಲಿದ್ದಾರೆ.

ಪ್ಲವನಾಮ ಸಂವತ್ಸರದ ಕಾರ್ತಿಕಮಾಸದಲ್ಲಿ, ಅಂದರೆ 2021ರ ನವೆಂಬರಿನಲ್ಲಿ, ಈ ಸೀಮೆಯಲ್ಲಿ ಎಡೆಬಿಡದೆ ಮಳೆ ಸುರಿಯಿತು. ಬಹುಕಾಲ ಬರಿದಾಗಿದ್ದ ಕೆರೆಗಳು ಕೋಡಿ ಹರಿದವು. ಮಳೆ ನಿಂತ ಬೆಳಿಗ್ಗೆ ನಮ್ಮ ಹಿತ್ತಿಲನ್ನು ನೋಡಬೇಕಾಗಿತ್ತು. ನಂದಿಬಟ್ಟಲು ಎಲೆ ಕಾಣದಂತೆ ಬಿಳಿದಾಗಿತ್ತು. ದಾಸವಾಳ ನೀರಿನ ಭಾರಕ್ಕೆ ಬಾಗಿತ್ತು. ಪಾರಿಜಾತವು ನೆಲದ ಮೇಲೆ ತಾನೇ ರಂಗವಲ್ಲಿ ಇಟ್ಟಿತ್ತು. ಬೇಸಿಗೆಯೆಲ್ಲ ಸತ್ತಂತೆ ಮಣ್ಣಿನೊಳಗಿದ್ದ ಗೆಡ್ಡೆಗಳು ಸಹ ಹೂವನ್ನೆತ್ತಿ ನಿಂತಿದ್ದವು. ಅರ್ಚಕರಾದ ನನ್ನ ತಂದೆಯವರು ಹೂಬುಟ್ಟಿ ಸಾಲದೆ ಬಾಳೆಯೆಲೆಯಲ್ಲಿಯೂ ಹೂವನ್ನು ತುಂಬಿಕೊಂಡು, "ಸ್ವಾಮಿಗೆ ಇಂದು ಹೂವಿನದೇ ಅಭಿಷೇಕ" ಎಂದು ಹಿಗ್ಗಿದರು.

ಅದೇ ಸಮಯಕ್ಕೆ ನೆರೆಯ ರೈತನೊಬ್ಬನು ಬಾಗಿಲಲ್ಲಿ ಬಂದು ನಿಂತನು. ಕೊಯ್ಲಿಗೆ ಬಂದಿದ್ದ ಆತನ ರಾಗಿ ತೆನೆಯಲ್ಲಿಯೇ ಮೊಳೆತಿತ್ತು. ಟೊಮೇಟೊ ಗಿಡದಲ್ಲಿಯೇ ಕೊಳೆತಿತ್ತು. ಆತನು ಬುಟ್ಟಿಯನ್ನು ನೋಡಿ ಮೆಲ್ಲನೆ ಕೇಳಿದನು: "ಸ್ವಾಮೀ, ಅದೇ ಮಳೆ ನಿಮ್ಮ ಹಿತ್ತಲಾಗೆ ಹೂವಾಯ್ತು, ನಮ್ಮ ಹೊಲದಾಗೆ ಯಾಕೆ ಕೊಳೆಯಾಯ್ತು?"

ಪಾಠಶಾಲೆಯಲ್ಲಿ ಕಲಿತ ಉತ್ತರವು ನನ್ನ ನಾಲಿಗೆಯ ತುದಿಯಲ್ಲಿತ್ತು. ಪರಮಾತ್ಮನಿಗೆ ಪಕ್ಷಪಾತವೂ ಇಲ್ಲ, ನಿರ್ದಯೆಯೂ ಇಲ್ಲ. ಆತನು ಜೀವರ ಅನಾದಿ ಯೋಗ್ಯತೆಯನ್ನೂ ಕರ್ಮವನ್ನೂ ಅನುಸರಿಸಿ ಫಲವನ್ನೀಯುತ್ತಾನೆಂದು ಬ್ರಹ್ಮಸೂತ್ರದ ಎರಡನೆಯ ಅಧ್ಯಾಯವು ನಿರ್ಣಯಿಸುತ್ತದೆ. ಮಳೆಯು ಗೆಡ್ಡೆಗೆ ಬಣ್ಣವನ್ನು ಹೊಸದಾಗಿ ಕೊಡಲಿಲ್ಲ, ಒಳಗಿದ್ದುದನ್ನು ಹೊರತಂದಿತು. ಇದು ಸಿದ್ಧಾಂತ, ಇದರಲ್ಲಿ ಸಂಶಯವಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ತಂದೆಯವರು ಕಣ್ಸನ್ನೆಯಿಂದಲೇ ತಡೆದರು. "ಮೊದಲು ಕುಳಿತುಕೋಪ್ಪ" ಎಂದು ಆತನಿಗೆ ಹೇಳಿ, "ಕೊಯ್ದ ತೆನೆ ಏನಾದರೂ ಉಳಿದಿದೆಯೇ?" ಎಂದು ವಿಚಾರಿಸಿದರು. ಒಂದಿಷ್ಟಿದೆ, ಒಣಗಿಸಲು ಒಣನೆಲವಿಲ್ಲ ಎಂದನು. ಮಡಿಯ ವಿಷಯದಲ್ಲಿ ಎಳ್ಳಷ್ಟೂ ಸಡಿಲಿಸದ ನನ್ನ ತಂದೆಯವರು ಅಂದು ನಮ್ಮ ಜಗಲಿಯನ್ನೂ ಪಡಸಾಲೆಯನ್ನೂ ಆತನ ತೆನೆಗೆ ಬಿಟ್ಟುಕೊಟ್ಟರು. ಸಂಕಲ್ಪಿಸಿದ್ದ ಪುಷ್ಪಾಲಂಕಾರವನ್ನು ಬಿಟ್ಟು, ನಿತ್ಯಪೂಜೆಯನ್ನಷ್ಟೆ ಮುಗಿಸಿ, ಒದ್ದೆ ತೆನೆಗಳನ್ನು ಆತನೊಡನೆ ತಾವೂ ಹರವಿದರು.

ರಾತ್ರಿ ನಾನು ಕೇಳಿದೆನು: "ಅಪ್ಪಾ, ಶಾಸ್ತ್ರವನ್ನು ಹೇಳಬಾರದಿತ್ತೇ?" ಅವರು ಹೇಳಿದರು: "ಕರ್ಮಸಿದ್ಧಾಂತವು ನಿನ್ನ ದುಃಖವನ್ನು ನೀನು ಸಹಿಸುವುದಕ್ಕೆ ಇರುವುದು. ಇನ್ನೊಬ್ಬನ ದುಃಖದೆದುರು ಕೈಕಟ್ಟಿ ಕೂರುವುದಕ್ಕಲ್ಲ. ಆತನ ಕರ್ಮ ನಿನಗೆ ಗೊತ್ತೇ? ಅದು ಸರ್ವಜ್ಞನಾದ ಹರಿಗೆ ಗೊತ್ತು. ನಿನಗೆ ಗೊತ್ತಿರುವುದು ನಿನ್ನ ಕರ್ತವ್ಯ ಮಾತ್ರ."

ಸಜ್ಜನರೇ, ಗೀತೆಯ ಒಂಬತ್ತನೆಯ ಅಧ್ಯಾಯದಲ್ಲಿ ಭಗವಂತನು ಎಲೆ, ಹೂವು, ಹಣ್ಣು, ನೀರು ಯಾವುದಾದರೂ ಸರಿ, ಭಕ್ತಿಯಿಂದ ಅರ್ಪಿಸಿದರೆ ಸ್ವೀಕರಿಸುವೆನೆಂದು ಅಪ್ಪಣೆ ಕೊಡಿಸಿದ್ದಾನೆ. ಆತನಿಗೆ ನಮ್ಮ ಹೂವಿನ ಅಗತ್ಯವಿಲ್ಲ. ಮಣ್ಣು, ಮಳೆ, ಬೀಜ, ಕೊಯ್ಯುವ ಕೈ ಎಲ್ಲವೂ ಆತನ ಅಧೀನ, ಸ್ವತಂತ್ರನು ಆತನೊಬ್ಬನೇ. ಆದ್ದರಿಂದ "ನಾನು ಬೆಳೆಸಿದ ಹೂವು" ಎಂಬ ಮಾತು ಅಹಂಕಾರವೇ ಹೊರತು ಅರ್ಪಣೆಯಲ್ಲ. ನಮ್ಮ ಹಿರಿಯರು ವಿಷ್ಣುವಿಗೆ ಪ್ರೀತಿಕರವಾದ ಬೇರೆ ಎಂಟು ಹೂವುಗಳನ್ನೂ ಹೇಳಿದ್ದಾರೆ: ಅಹಿಂಸೆ, ಇಂದ್ರಿಯನಿಗ್ರಹ, ಸರ್ವಭೂತದಯೆ, ಕ್ಷಮೆ, ಶಾಂತಿ, ತಪಸ್ಸು, ಧ್ಯಾನ, ಸತ್ಯ. ಇವುಗಳಿಗೆ ಕಾರ್ತಿಕದ ಮಳೆ ಬೇಕಿಲ್ಲ. ಬರಗಾಲದಲ್ಲಿಯೂ ಅರಳುವ ಹೂವುಗಳಿವು. ಅಂದು ನಮ್ಮ ಪಡಸಾಲೆಯಲ್ಲಿ ಅರಳಿದುದು ಮೂರನೆಯ ಹೂವು.

ಇನ್ನೊಂದು ಮಾತು. ನೆಲಕ್ಕೆ ಬಿದ್ದ ಹೂವು ಪೂಜೆಗೆ ಸಲ್ಲದೆಂಬುದು ಸಾಮಾನ್ಯ ನಿಯಮ. ಪಾರಿಜಾತಕ್ಕೆ ಮಾತ್ರ ವಿನಾಯಿತಿ. ಆ ಹೂವಿಗಾಗಿ ನಾವು ದಿನವೂ ಬೆಳಿಗ್ಗೆ ಬೆನ್ನು ಬಗ್ಗಿಸುತ್ತೇವೆ. ಬಿದ್ದ ಹೂವನ್ನು ಬಾಗಿ ಎತ್ತುವ ಕೈಗೆ ಬಿದ್ದ ಮನುಷ್ಯನನ್ನು ಎತ್ತುವ ಅಭ್ಯಾಸವೂ ಬರಬೇಡವೇ?

ಮರುವರ್ಷ ಆ ರೈತನು ಹೊಸರಾಗಿಯ ಒಂದು ಮೊರವನ್ನು ತಂದು ದೇವರ ಮುಂದಿಟ್ಟನು. ಆತನ ಪ್ರಶ್ನೆಗೆ ಬಾಯಿಮಾತಿನ ಉತ್ತರವನ್ನು ನಾವು ಇಂದಿಗೂ ಹೇಳಿಲ್ಲ. ಆತನೂ ಮತ್ತೆ ಕೇಳಲಿಲ್ಲ.

ಮುಳಬಾಗಿಲಿನ ನರಸಿಂಹತೀರ್ಥದಲ್ಲಿ ವಿರಾಜಮಾನರಾಗಿರುವ ಶ್ರೀಪಾದರಾಜಗುರುಸಾರ್ವಭೌಮರು ಶಾಸ್ತ್ರದ ಪಾಂಡಿತ್ಯವನ್ನೂ ಕನ್ನಡದ ಕೀರ್ತನೆಯನ್ನೂ ಒಂದೇ ಹೃದಯದಲ್ಲಿ ಧರಿಸಿದ ಮಹನೀಯರು. ಅವರ ಅನುಗ್ರಹದಿಂದ ನಮ್ಮ ಜ್ಞಾನವು ದಯೆಯಾಗಿ ಅರಳಲಿ. ಮಳೆ ಬಂದರೂ ಬಾರದಿದ್ದರೂ ನಮ್ಮ ಹಿತ್ತಿಲಿನಿಂದ ಶ್ರೀಹರಿಗೆ ಒಂದಾದರೂ ಹೂವು ಸಲ್ಲುವಂತಾಗಲಿ.

ಶ್ರೀಕೃಷ್ಣಾರ್ಪಣಮಸ್ತು.