ಹರಿದು ಬಂದ ಸ್ಥಾವರ

ಬಸವನ ಬಾಗೇವಾಡಿ ಸೀಮೆಯಲ್ಲಿ ಬಾವಿ ತೋಡಿಸಿದವರಿಗೆ ಇದು ಗೊತ್ತು. ಮೇಲೆ ಎರಿ ಮಣ್ಣು, ಅದರಡಿ ಗರಸು, ಆಮೇಲೆ ಮದ್ದಿಟ್ಟು ಸಿಡಿಸದೆ ಜಗ್ಗದ ಕರಿಕಲ್ಲು. ಬಸವಣ್ಣ ಹುಟ್ಟಿದ ನೆಲದ ಅಡಿಗಲ್ಲು ಅದು. ಶರಣರು ಸ್ಥಾವರವನ್ನು ಬಿಟ್ಟು ಜಂಗಮವನ್ನು ಹಿಡಿದರು, ದೇವರನ್ನು ಗುಡಿಯಿಂದ ಅಂಗೈಗೆ ತಂದರು. ಹಾಗಾದರೆ ಈ ಕಲ್ಲು ಯಾವ ಪಂಗಡಕ್ಕೆ ಸೇರಿದ್ದು? ಕೊರಳಲ್ಲಿ ಇಷ್ಟಲಿಂಗ ಕಟ್ಟಿಕೊಂಡು ಶಾಲೆಯಲ್ಲಿ ವಿಜ್ಞಾನ ಕಲಿಸಿದ ನನ್ನನ್ನು ಈ ಪ್ರಶ್ನೆ ಬಿಟ್ಟೇ ಇಲ್ಲ.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಈ ಕಲ್ಲು ಹರಿಯುತ್ತಿತ್ತು. ನೆಲ ಉದ್ದುದ್ದ ಸೀಳಿ, 1,100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಲಾವಾ ಪದರದ ಮೇಲೆ ಪದರವಾಗಿ ದಖ್ಖನ್ನಿನ ತುಂಬ ಹರಡಿತು. ಮಂದವಾದ ಶಿಲಾಪಾಕ ಅನಿಲವನ್ನು ಒಳಗೇ ಅದುಮಿಟ್ಟುಕೊಂಡು ಸಿಡಿಯುತ್ತದೆ. ಕ್ರಿ.ಶ. 79ರಲ್ಲಿ ವೆಸುವಿಯಸ್ ಪಾಂಪೇ ಊರಿನ ಮೇಲೆ ನೊರೆಗಲ್ಲು, ಬೂದಿ ಸುರಿದದ್ದು ಹಾಗೆ. ಆ ಬೂದಿಯೂ ಸುಟ್ಟುಳಿದದ್ದಲ್ಲ, ಪುಡಿಪುಡಿಯಾದ ಗಾಜು ಮತ್ತು ಕಲ್ಲು. ನಮ್ಮದು ತೆಳು ಪಾಕ. ಅನಿಲವನ್ನು ಸುಲಭವಾಗಿ ಬಿಟ್ಟುಕೊಟ್ಟು ಹರಿಯಿತು. ಬೇಗ ಆರಿದ ಕಡೆ ಹರಳು ಕಣ್ಣಿಗೆ ಕಾಣದಷ್ಟು ಸಣ್ಣದು, ನಿಧಾನವಾಗಿ ಆರಿದ ಕಡೆ ದೊಡ್ಡದು. ಹೊರಡಲಾಗದ ಗುಳ್ಳೆಗಳು ತೂತಾಗಿ ಉಳಿದವು. ಮುಂದೆ ನೀರು ಅಲ್ಲಿ ಬಿಳಿಯ ಜಿಯೊಲೈಟ್, ಕ್ಯಾಲ್ಸೈಟ್ ತುಂಬಿತು.

ಕೆಲವು ಕಡೆ ಎರಡು ಕರಿ ಪದರಗಳ ನಡುವೆ ಕೆಂಪು ಪಟ್ಟಿಯೊಂದು ಸಿಗುತ್ತದೆ. ಒಂದು ಹರಿವು ಆರಿ, ಗಾಳಿಮಳೆಗೆ ಮೈ ಒಡ್ಡಿ ಮಣ್ಣಾಗುತ್ತಿದ್ದಾಗ ಇನ್ನೊಂದು ಹರಿವು ಬಂದು ಮುಚ್ಚಿದ ಗುರುತು ಅದು. ನಿಂತಿತು ಎಂದುಕೊಂಡ ಕಲ್ಲು ಆಗಲೇ ಮಣ್ಣಾಗಲು ಹೊರಟಿತ್ತು. ಕಡೆಯ ಪದರವೂ ಕರಗಿ ಎರಿ ಮಣ್ಣಾಯಿತು, ಬಿಳಿಜೋಳಕ್ಕೆ ನೆಲೆ ಕೊಟ್ಟಿತು, ರೊಟ್ಟಿಯಾಗಿ ನಮ್ಮ ತಾಟಿಗೆ ಬಂತು.

ಹಾಗೆಂದು ಕಲ್ಲೇ ಜಂಗಮ ಎನ್ನಲು ನನ್ನ ಮನಸ್ಸು ಒಪ್ಪದು. ಹರಿಯುವಾಗಲೂ ಅದಕ್ಕೆ ಎದುರಿನ ಜೀವದ ಗುರುತಿರಲಿಲ್ಲ. ಶರಣರ ಜಂಗಮಕ್ಕೆ ಚಲನೆಯೊಂದೇ ಸಾಲದು, ಅರಿವು ಬೇಕು, ಹಸಿದವನ ಹೊಟ್ಟೆ ತಿಳಿಯಬೇಕು. ಆದರೆ ಶರಣರು ಸಿಟ್ಟಾದದ್ದು ಕಲ್ಲಿನ ಮೇಲೂ ಅಲ್ಲ ಎಂಬುದು ನನ್ನ ದೃಢ ನಂಬಿಕೆ. ದೇವರನ್ನು ಒಂದೆಡೆ ಕೂಡಿಸಿ, ಯಾರು ಒಳಗೆ ಯಾರು ಹೊರಗೆ ಎಂದು ಬಾಗಿಲಲ್ಲಿ ನಿಂತು ತೀರ್ಮಾನಿಸುವ ಮನುಷ್ಯರ ಮೇಲೆ ಅವರ ಸಿಟ್ಟಿತ್ತು. ಆ ಬಾಗಿಲು ಕಾಯುವವರು ಇಂದಿಗೂ ಇದ್ದಾರೆ. ಪ್ರವಚನ ಹೇಳುವ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ. ಸ್ಥಾವರದ ಮಾತು ಬಂದಾಗ ಕಲ್ಲನ್ನು ಹಳಿಯುವುದನ್ನು ಬಿಟ್ಟು ಅವರ ವಿಷಯ ಮಾತಾಡಿರಿ.