ಕೇಳದಿದ್ದರೆ ಹೇಳಬೇಕೆ?

ನಮ್ಮ ಮನೆಯ ಹುಡುಗ ಈಚೆಗೆ ಯಾರೋ ಓಡಿಸಿ ಬಿಟ್ಟ ಸ್ಪೋರ್ಟ್ಸ್ ಮೋಟಾರ್ ಸೈಕಲ್ಲೊಂದನ್ನು ಕೊಂಡು ತಂದ. ಬಣ್ಣ, ಹೊಳಪು, ಸದ್ದು ಎಲ್ಲವೂ ಸೊಗಸು. ಎರಡು ದಿನ ಕಳೆಯುವುದರೊಳಗೆ, "ಹಿಂದಿನ ಬ್ರೇಕು ಹಿಡಿಯುವುದೇ ಇಲ್ಲ" ಎಂದ. ಮಾರಿದವರನ್ನು ಫೋನಿನಲ್ಲಿ ವಿಚಾರಿಸಿದೆವು. ಸ್ಪೋರ್ಟ್ಸ್ ಗಾಡಿಗಳ ಹಿಂದಿನ ಬ್ರೇಕೆಂದರೆ ಹಾಗೆಯೇ, ಮುಂದಿನದನ್ನೇ ನಂಬಬೇಕು ಎಂಬ ಉತ್ತರ ಬಂತು.

ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಓಡುವ ಗಾಡಿಗೆ ಬ್ರೇಕು ಹಾಕಿದೊಡನೆ ಭಾರ ಮುಂದಕ್ಕೆ ವಾಲುತ್ತದೆ, ಹಿಂದಿನ ಚಕ್ರ ಹಗುರವಾಗುತ್ತದೆ. ಹಗುರವಾದ ಚಕ್ರವನ್ನು ಬಲವಾಗಿ ಹಿಡಿದರೆ ಅದು ತಿರುಗುವುದನ್ನು ಬಿಟ್ಟು ಜಾರತೊಡಗುತ್ತದೆ. ಆದ್ದರಿಂದಲೇ ತಯಾರಕರು ಹಿಂದಿನ ಬ್ರೇಕಿಗೆ ಮುಂದಿನದರಷ್ಟು ಬಲ ಕೊಡುವುದಿಲ್ಲ. ಆದರೆ ಮೆದುವಾದ ಬ್ರೇಕು ಬೇರೆ, ಇಲ್ಲದ ಬ್ರೇಕು ಬೇರೆ.

ಮೆಕ್ಯಾನಿಕ್ ಬಿಚ್ಚಿ ನೋಡಿದ. ಡಿಸ್ಕನ್ನು ಎರಡು ಪಕ್ಕದಿಂದಲೂ ಒತ್ತಬೇಕಾದ ಪ್ಯಾಡುಗಳಲ್ಲಿ ಒಂದು ತೀರ ಸವೆದಿತ್ತು, ಇನ್ನೊಂದು ಹೆಚ್ಚುಕಡಿಮೆ ಹಾಗೆಯೇ ಇತ್ತು. ಕ್ಯಾಲಿಪರ್ ಜಾರಾಡಬೇಕಾದ ಪಿನ್ನುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಚೈನಿಗೆ ಹೊಡೆದ ಎಣ್ಣೆ ಸಿಡಿದು ಪ್ಯಾಡಿನ ಮೇಲೆ ಕೂತಿತ್ತು. ಬ್ರೇಕ್ ಆಯಿಲ್ ಕಪ್ಪಾಗಿತ್ತು. ಈ ಆಯಿಲ್ ಗಾಳಿಯ ತೇವವನ್ನು ಮೆಲ್ಲಮೆಲ್ಲನೆ ಹೀರಿಕೊಳ್ಳುವಂಥದು. ಡಾಟ್ 4 ದರ್ಜೆಯ ಹೊಸ ಆಯಿಲ್ 230 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಕುದಿಯಕೂಡದೆಂಬ ನಿಯಮವಿದೆ. ನೀರು ಸೇರಿದ ಆಯಿಲ್‌ಗೆ ಆ ಮಿತಿ 155 ಡಿಗ್ರಿ ಮಾತ್ರ. ಕುದಿದಾಗ ಗುಳ್ಳೆ ಏಳುತ್ತದೆ. ಆಯಿಲ್ ಅದುಮಿದರೆ ಕುಗ್ಗುವುದಿಲ್ಲ, ಗುಳ್ಳೆ ಕುಗ್ಗುತ್ತದೆ. ಕಾಲಿನ ಬಲವೆಲ್ಲ ಗುಳ್ಳೆಯಲ್ಲೇ ಮುಗಿದು ಚಕ್ರದವರೆಗೆ ತಲಪುವುದೇ ಇಲ್ಲ. ಮುಂಬಯಿ-ಪುಣೆ ನಡುವಿನ ಹಳೆಯ ರಸ್ತೆಯಲ್ಲಿ ಖಂಡಾಲಾ ಘಾಟಿ ಇಳಿಯುವಾಗ ಹೀಗಾದರೆ ಗತಿಯೇನು?

ರಿಪೇರಿ ಒಂದು ಮಧ್ಯಾಹ್ನದ ಕೆಲಸ. ಹೊಸ ಪ್ಯಾಡು ಹಾಕಿ, ಪಿನ್ನುಗಳನ್ನು ಉಜ್ಜಿ ಗ್ರೀಸು ಸವರಿ, ಡಿಸ್ಕನ್ನು ಒರೆಸಿ, ಹೊಸ ಆಯಿಲ್ ತುಂಬಿ, ಒಬ್ಬ ಪೆಡಲು ಒತ್ತಿ ಹಿಡಿಯುವುದು, ಇನ್ನೊಬ್ಬ ನಿಪ್ಪಲ್ ಸಡಿಲಿಸಿ ಗಾಳಿ ಬಿಡುವುದು, ಹೀಗೆ ಗುಳ್ಳೆ ನಿಲ್ಲುವವರೆಗೆ ಮಾಡಿದರು. ಬ್ರೇಕು ಹಿಡಿಯಿತು.

ಆ ರಾತ್ರಿ ಊಟಕ್ಕೆ ಕೂತಾಗ ಮಾರಿದವರನ್ನು ನಾವು ಮನಸಾರೆ ಬೈದೆವು. ಗೊತ್ತಿದ್ದೂ ಹೇಳದವರು ಮನುಷ್ಯರೇ ಎಂದೆವು. ಸಾರು ಬಡಿಸುತ್ತಿದ್ದ ನಮ್ಮ ಮನೆಯವರು, "ನಮ್ಮ ಸ್ಕೂಟರು ಕೊಟ್ಟಾಗ ನೀವು ಹೇಳಿದಿರಾ?" ಎಂದು ಕೇಳಿದರು.

ಹೇಳಿರಲಿಲ್ಲ. ನಾಲ್ಕು ವರ್ಷದ ಹಿಂದಿನ ಮಾತು. ಬ್ರೇಕಿನ ಕೇಬಲ್ಲನ್ನು ಕೊನೆಯವರೆಗೆ ಬಿಗಿದಾಗಿತ್ತು, ಇನ್ನು ಬಿಗಿಯಲು ಜಾಗವಿರಲಿಲ್ಲ. ಕೊಳ್ಳಲು ಬಂದವರು ಬೀದಿಯಲ್ಲಿ ಒಂದು ಸುತ್ತು ಹಾಕಿ ಬಂದರು, ದುಡ್ಡು ಎಣಿಸಿದರು. ಅವರು ಕೇಳಲಿಲ್ಲ, ನಾವು ಹೇಳಲಿಲ್ಲ.

ಕಾನೂನಿನ ದೃಷ್ಟಿಯಿಂದ ನೋಡಿದರೆ ನಾವು ಬಹುಶಃ ಪಾರಾದೇವು. 1872ರ ಭಾರತೀಯ ಕರಾರು ಕಾಯಿದೆಯ 17ನೆಯ ಕಲಮಿನಲ್ಲಿ ಒಂದು ಕುದುರೆಯ ದೃಷ್ಟಾಂತವಿದೆ. ತನ್ನ ಕುದುರೆಯಲ್ಲಿ ಐಬಿದೆಯೆಂದು ತಿಳಿದೂ ಒಬ್ಬ ಅದನ್ನು ಹರಾಜಿನಲ್ಲಿ ಮಾರುತ್ತಾನೆ, ಐಬಿನ ಮಾತೆತ್ತುವುದಿಲ್ಲ. ಅದು ವಂಚನೆಯಲ್ಲ. ಆದರೆ ಕೊಳ್ಳುವವಳು ಆಗತಾನೆ ಪ್ರಾಪ್ತ ವಯಸ್ಸಿಗೆ ಬಂದ ಅವನ ಮಗಳೇ ಆಗಿದ್ದರೆ, ಅವನು ಹೇಳಲೇಬೇಕು. "ನೀವು ಇಲ್ಲವೆನ್ನದಿದ್ದರೆ ಕುದುರೆ ಸರಿಯಾಗಿದೆಯೆಂದೇ ತಿಳಿಯುತ್ತೇನೆ" ಎಂದು ಕೊಳ್ಳುವವನು ಅಂದಮೇಲೂ ಸುಮ್ಮನಿದ್ದರೆ, ಆ ಮೌನವೇ ಮಾತಾಗುತ್ತದೆ.

ಕಾಯಿದೆ ಬರೆದವರು ಜಾಣರು. ಮೌನದ ತಪ್ಪೊಪ್ಪು ಎದುರಿಗಿರುವವರು ಯಾರೆಂಬುದರ ಮೇಲೆ ನಿಂತಿದೆಯೆಂದು ಕಂಡುಕೊಂಡರು. ಹಾಗಾದರೆ ನಮ್ಮ ಪ್ರಶ್ನೆ ಇಷ್ಟೆ: ಮಗಳಿಗೆ ಹೇಳಬೇಕಾದ್ದನ್ನು ಅಪರಿಚಿತನಿಗೆ ಹೇಳಬೇಕಾಗಿಲ್ಲವೆ?

ಊರ ಕಡೆ ಈ ಪ್ರಶ್ನೆಯ ಮೊನೆ ಅಷ್ಟು ಚೂಪಾಗಿರಲಿಲ್ಲ. ದನದ ಜಾತ್ರೆಯಲ್ಲಿ ಟವಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಿದ್ದರು. ಕೊಳ್ಳುವವನು ಎತ್ತಿನ ಹಲ್ಲು ಎಣಿಸುತ್ತಿದ್ದ, ಸುಳಿ ನೋಡುತ್ತಿದ್ದ. ಮೋಸ ಅಲ್ಲಿಯೂ ಇತ್ತು. ಆದರೆ ಕುಂಟೆತ್ತು ಮಾರಿದವನ ಹೆಸರು ಮುಂದಿನ ಜಾತ್ರೆಯವರೆಗೂ ಉಳಿಯುತ್ತಿತ್ತು. ಆ ಅಂಜಿಕೆಯೇ ಅರ್ಧ ಧರ್ಮ. ಮಹಾನಗರದಲ್ಲಿ ಆ ಅಂಜಿಕೆಯಿಲ್ಲ. ಕೊಂಡವರು ಮತ್ತೆ ಕಣ್ಣಿಗೆ ಬೀಳುವುದಿಲ್ಲ. ಆದರೆ ಹೊಟ್ಟೆಪಾಡಿಗೆಂದು ಊರು ಬಿಟ್ಟು ಬಂದ ನಾವೆಲ್ಲ ಇಲ್ಲಿ ಬದುಕಿದ್ದು ಅಪರಿಚಿತರನ್ನು ನಂಬಿಯೇ. ನಮಗೆ ಬಾಡಿಗೆಗೆ ಮನೆ ಕೊಟ್ಟವರು, ಆಸ್ಪತ್ರೆಯ ದಾರಿ ತೋರಿಸಿದವರು ನಮಗೇನಾಗಬೇಕಿತ್ತು?

ಕೊಳ್ಳುವವನಿಗೆ ಕಣ್ಣಿಲ್ಲವೆ, ನೋಡಿಕೊಳ್ಳಲಿ ಎನ್ನುವವರಿದ್ದಾರೆ. ಒಪ್ಪೋಣ. ಸೀರೆಯ ಅಂಚು ಹರಿದಿದ್ದರೆ ನಷ್ಟ ಕೊಂಡವರಿಗೆ, ಅಲ್ಲಿಗೆ ಮುಗಿಯಿತು. ಬ್ರೇಕಿನ ದೋಷ ಕೊಂಡವನಲ್ಲಿ ನಿಲ್ಲುವುದಿಲ್ಲ. ಹಿಂದಿನ ಸೀಟಿನಲ್ಲಿ ಕೂತವರು, ರಸ್ತೆ ದಾಟುತ್ತಿರುವ ಶಾಲೆಯ ಮಗು, ಇವರಾರೂ ಗಾಡಿಯನ್ನು ಸುತ್ತು ಹಾಕಿ ನೋಡಿಲ್ಲ, ಬೆಲೆ ಕೇಳಿಲ್ಲ. ವ್ಯಾಪಾರದಲ್ಲಿ ಇಲ್ಲದವರ ತಲೆಯ ಮೇಲೆ ನಮ್ಮ ಮೌನದ ಸಾಲ ಬೀಳುತ್ತದೆ. ಬೇಕಾದ ಕಡೆಗೆ ವೇಗವಾಗಿ ಹೋಗುವುದು ನಮ್ಮ ಅನುಕೂಲ. ಬೇಕಾದಾಗ ನಿಲ್ಲುವುದು ಪರರ ಹಕ್ಕು.

ಮಹಾಭಾರತದ ಧರ್ಮರಾಯನೂ ಪೂರ್ತಿ ಸುಳ್ಳು ಹೇಳಲಿಲ್ಲ. ಅಶ್ವತ್ಥಾಮ ಸತ್ತನೆಂದು ಗಟ್ಟಿಯಾಗಿ ಹೇಳಿ, ಆನೆಯ ಮಾತನ್ನು ದ್ರೋಣರಿಗೆ ಕೇಳದಂತೆ ಮೆಲ್ಲಗೆ ಅಂದ. ನೆಲದಿಂದ ನಾಲ್ಕು ಅಂಗುಲ ಮೇಲೆ ಓಡುತ್ತಿದ್ದ ಅವನ ರಥ ಅಂದು ನೆಲ ಮುಟ್ಟಿತಂತೆ. "ಸ್ಪೋರ್ಟ್ಸ್ ಗಾಡಿಗಳೆಲ್ಲ ಹಾಗೆಯೇ" ಎಂಬ ಮಾತೂ ಅದೇ ಜಾತಿಯದು. ನಮ್ಮ ಮೌನವಾದರೂ ಎಷ್ಟು ಬೇರೆ?

ಮರುದಿನ ಹಳೆಯ ಕಾಗದಗಳಲ್ಲಿ ಹುಡುಕಿ ಸ್ಕೂಟರು ಕೊಂಡವರ ನಂಬರಿಗೆ ಫೋನು ಮಾಡಿದೆವು. ಅವರು ನಕ್ಕು, ಅದನ್ನು ಮೂರೇ ತಿಂಗಳಲ್ಲಿ ಮತ್ತೊಬ್ಬರಿಗೆ ಕೊಟ್ಟುಬಿಟ್ಟೆವೆಂದರು. ಬ್ರೇಕು ರಿಪೇರಿ ಮಾಡಿಸಿದಿರಾ ಎಂದು ಕೇಳಿದೆವು. ಅವರು ಕ್ಷಣಕಾಲ ಸುಮ್ಮನಿದ್ದರು. ಆ ಮೌನದ ಗುರುತು ನಮಗೆ ಚೆನ್ನಾಗಿ ಸಿಕ್ಕಿತು.

ಈಗ ಹುಡುಗನಿಗೆ ಒಂದು ಮಾತು ಹೇಳಿದ್ದೇವೆ. ಈ ಗಾಡಿಯನ್ನು ಮಾರುವ ದಿನ ಅದರ ಐಬುಗಳನ್ನೆಲ್ಲ ಒಂದು ಕಾಗದದಲ್ಲಿ ಬರೆದು, ಕೀಲಿಕೈಯ ಜೊತೆಗೆ ಕೊಡಬೇಕು. ಬೆಲೆ ಸ್ವಲ್ಪ ಇಳಿಯಬಹುದು. ಇಳಿಯಲಿ.