ಕತ್ತಿಯ ಅಳತೆ, ಕೈಯ ಅಳತೆ

ಹೇರೂರಿನ ನಮ್ಮನೆಯಲ್ಲಿ ಕೊನೆಕೊಯ್ಲಿನ ಹೊತ್ತಿಗೆ ರಾತ್ರಿ ಅಡಕೆ ಸುಲಿಯೋಕೆ ಏಳೆಂಟು ಜನ ಕೂರ್ತಿದ್ರು. ಸುಲಿದಿದ್ದನ್ನು ಅಳೆದು ಕೂಲಿ. ಯಾರದಾದ್ರೂ ಅಳತೆ ಒಮ್ಮೆಲೇ ಇಳಿದರೆ, ಲೆಕ್ಕ ಬರೀತಿದ್ದ ನನಗೆ ಅಪ್ಪಯ್ಯ ಹೇಳ್ತಿದ್ದಿದ್ದು ಒಂದೇ: "ತಮಾ, ಮೊದ್ಲು ಕತ್ತಿ ಮೊಂಡಾಜನ ನೋಡು." ಮೆಟ್ಟುಗತ್ತಿ ಮಸೆದ ಮೇಲೂ ಅಳತೆ ಏರದಿದ್ದರೆ ಮಾತ್ರ ಮುಂದಿನ ಮಾತು.

ಈಗ ನನ್ನ ಕೆಲಸ ಕಾರ್ಖಾನೆಗಳ ಕಂಟ್ರೋಲ್ ರೂಮಿಗೆ ಸ್ಕ್ರೀನ್ ಮಾಡೋದು, ಅದು ಸರಿಯಿದೆಯಾ ಅಂತ ಪರೀಕ್ಷಿಸೋದು. ಸಿಮ್ಯುಲೇಟರಿನಲ್ಲಿ ನಾವೇ ಒಂದು ತೊಂದರೆ ಹುಟ್ಟಿಸ್ತೇವೆ. ಆಪರೇಟರ್ ಎಷ್ಟು ಸೆಕೆಂಡಿಗೆ ಗುರುತಿಸಿದರು, ಎಷ್ಟು ತಪ್ಪು ಮಾಡಿದರು ಅಂತ ಬರೆದುಕೊಳ್ತೇವೆ. ತಲೆಗೆ ಎಷ್ಟು ಭಾರವಾಯ್ತು ಅಂತ ಅವರನ್ನೇ ಕೇಳೋದೂ ಉಂಟು. ನಾಸಾದ ಸಂಶೋಧಕರು 1988ರಲ್ಲಿ ಪ್ರಕಟಿಸಿದ ಟಿಎಲ್‌ಎಕ್ಸ್ ಎಂಬ ಪ್ರಶ್ನೆಹಾಳೆ ಇವತ್ತಿಗೂ ನಡೀತದೆ.

ಕೆಲ ವರ್ಷಗಳ ಹಿಂದೆ ಒಂದು ಕಡೆ ಎಂಟು ಜನರನ್ನು ಹೀಗೆ ಕೂರಿಸಿದ್ದೆ. "ಇದು ನಿಮ್ಮ ಪರೀಕ್ಷೆ ಅಲ್ಲ, ಸ್ಕ್ರೀನಿನ ಪರೀಕ್ಷೆ" ಅಂತ ಮಾತು ಕೊಟ್ಟೇ ಶುರುಮಾಡಿದ್ದು. ಎಲ್ಲರಿಗಿಂತ ನಿಧಾನವಾದವರು ನಿವೃತ್ತಿಗೆ ಹತ್ತಿರವಿದ್ದ ಒಬ್ಬರು. ವಾಲ್ವ್ ಮುಚ್ಚಿದೆ ಅಂತ ಸ್ಕ್ರೀನ್ ಹೇಳಿದರೂ ಅವರು ಒತ್ತಡ ನೋಡಿದರು, ಉಷ್ಣತೆ ನೋಡಿದರು, ಕೊನೆಗೆ ಫೋನೆತ್ತಿ (ಆ ಕಡೆ ಇದ್ದಿದ್ದು ನಮ್ಮ ಹುಡುಗನೇ) "ಹೋಗಿ ಕಣ್ಣಾರೆ ನೋಡಿ ಹೇಳಪ್ಪ" ಅಂದರು. ನನ್ನ ಗಡಿಯಾರ ಓಡ್ತಾನೇ ಇತ್ತು.

ಅವರ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ ಒಂದು ವಾಲ್ವ್ ತೆರೆದೇ ಉಳಿದಿತ್ತು, ಫಲಕದ ದೀಪ ಮಾತ್ರ ಆರಿತ್ತು. ಮುಚ್ಚು ಅಂತ ಆದೇಶ ಹೋದರೆ ಸಾಕು, ದೀಪ ಆರ್ತಿತ್ತು. ವಾಲ್ವ್ ನಿಜಕ್ಕೂ ಮುಚ್ಚಿತೋ ಇಲ್ಲವೋ ಅದಕ್ಕೆ ಗೊತ್ತಿರಲಿಲ್ಲ. ತನಿಖೆ ನಡೆಸಿದ ಕೆಮೆನಿ ಆಯೋಗ ಆಪರೇಟರುಗಳ ತಪ್ಪನ್ನೂ ಹೇಳಿತು, ತರಬೇತಿಯ ಮತ್ತು ಕಂಟ್ರೋಲ್ ರೂಮಿನ ಕೊರತೆಯನ್ನೂ ಹೇಳಿತು. ನಮ್ಮ ಜಿಲ್ಲೆಯ ಕೈಗಾದಲ್ಲಿ ಒಂದನೇ ಘಟಕ 2018ರ ಕೊನೆಯವರೆಗೆ 962 ದಿನ ನಿಲ್ಲದೇ ಓಡಿತು. ಆ ದಿನಗಳಲ್ಲಿ ಪಾಳಿಯಲ್ಲಿ ಕೂತವರು ಎಷ್ಟು ಸಲ ಹೀಗೆ ಅನುಮಾನಪಟ್ಟು ಮತ್ತೊಮ್ಮೆ ನೋಡಿದ್ದಾರೋ, ಅದು ಯಾವ ಸೆಕೆಂಡಿನ ಲೆಕ್ಕದಲ್ಲಿ ಬರ್ತದೆ?

ವರದಿ ಕೊಟ್ಟ ವಾರಕ್ಕೆ ಮ್ಯಾನೇಜರ್ ಕಡೆಯಿಂದ ಮೇಲ್ ಬಂತು: ಹೆಸರು ಸಮೇತ ಪಟ್ಟಿ ಕಳಿಸಿ. ನಾನು ಕಳಿಸಿದೆ. ನಿಧಾನದವರನ್ನು ಅಲ್ಲಿ ಕೂರಿಸೋದು ಅಪಾಯವಲ್ವಾ ಅಂತ ನೀವು ಕೇಳಬಹುದು. ಇರಬಹುದು. ಹಾಗಿದ್ರೆ ಮೊದಲೇ ಹೇಳಿ ಬೇರೆ ಪರೀಕ್ಷೆ ಮಾಡ್ಬೇಕಿತ್ತು. ಕತ್ತಿ ನೋಡ್ತೇನೆ ಅಂತ ಹೇಳಿ ಕೈ ಅಳೆದು ಕೊಟ್ಟವ ನಾನು.

ಅವರನ್ನು ಸ್ಟೋರ್ಸಿಗೆ ಹಾಕಿದರು. ಮುಂದೊಮ್ಮೆ ಗೇಟಿನ ಹತ್ತಿರ ಸಿಕ್ಕಾಗ ಬೈತಾರೆ ಅಂದುಕೊಂಡಿದ್ದೆ. "ಭಟ್ರೇ, ಆ ವಾಲ್ವಿನ ಚಿತ್ರ ಸರಿ ಮಾಡಿದ್ರಾ?" ಅಂತ ಕೇಳಿದರು. ಮಾಡಿದ್ದೆ. ಈಗ ಆದೇಶ ಬೇರೆ, ವಾಲ್ವಿನ ಸ್ಥಿತಿ ಬೇರೆ ಕಾಣ್ತದೆ.